ಮಕ್ಕಳ ಆಟಿಗೆಗಳೂ ಮನೆಯ ಹಳೆಯ ಡಬ್ಬಿಗಳೂ

(ಶ್ರೀಮಠದ ಮಹೋತ್ಸವದ ನಿಮಿತ್ತ ಭಕ್ತಸಭೆಯಲ್ಲಿ ನಡೆದ ಉಪನ್ಯಾಸ)

 

ಮಹೋತ್ಸವದ ಸಭೆಗಳಲ್ಲಿ ಸಿದ್ಧಾಂತ, ಪುರಾಣ, ಚರಿತ್ರೆ ಮುಂತಾದ ಗಹನವಾದ ವಿಷಯಗಳನ್ನು ಕುರಿತು ಉಪನ್ಯಾಸಗಳಾಗುವದು ವಾಡಿಕೆ. ಇಂಥಲ್ಲಿ ಹಳೆಯ ಡಬ್ಬಿ, ಕರಟ, ಕಡ್ಡಿಪೆಟ್ಟಿಗೆಗಳಿಂದ ಮಕ್ಕಳಿಗೆ ಆಟಿಗೆ ಮಾಡಿಕೊಡುವ ಮಾತನ್ನೆತ್ತಿದರೆ, ಇದೇನು ಇಷ್ಟು ಸಣ್ಣ ವಿಷಯವೆಂದು ಕೆಲವರಿಗೆ ತೋರೀತು. ಆದರೆ ಮನೆಯಲ್ಲಿ ಕೂಸಿನ ಕೈಗೆ ಏನು ಕೊಡುವರು, ಹೇಗೆ ಕೊಡುವರು ಎಂಬುದರ ಮೇಲೆ ಆ ಕೂಸಿನ ಮುಂದಿನ ಬುದ್ಧಿಯೂ ಸ್ವಭಾವವೂ ಬಹುಮಟ್ಟಿಗೆ ನಿಂತಿರುವವು. ಮನೆಯಿಂದ ಹೊರಗೆ ಬಿಸಾಡುವ ವಸ್ತುಗಳನ್ನು ಏನು ಮಾಡಬೇಕೆಂಬುದು ಈ ಕಾಲದಲ್ಲಿ ಊರೂರಿಗೂ ದೊಡ್ಡ ಚಿಂತೆಯಾಗಿರುವದು. ಈ ಎರಡು ಮಾತುಗಳೂ ಒಂದೇ ಅಂಗಳದಲ್ಲಿ ಕೂಡುವದರಿಂದ ವಿಷಯವು ವಿಚಾರಕ್ಕೆ ಯೋಗ್ಯವಾದದ್ದೇ ಸರಿ.

ಮೊದಲು ಆಟವೆಂದರೇನೆಂಬುದನ್ನು ನೋಡುವದು ಯುಕ್ತ. ದೊಡ್ಡವರಿಗೆ ಆಟವು ಕೆಲಸದಿಂದ ಬಿಡುವು. ಕೂಸಿಗೆ ಆಟವೇ ಕಾಯಕ. ಎರಡು ವರುಷದ ಕೂಸು ಡಬ್ಬಿಯ ಮುಚ್ಚಳವನ್ನು ನೂರು ಸಲ ತೆಗೆದು ನೂರು ಸಲ ಹಾಕುವದು. ತಾಯಿಗೆ ಅದು ತುಂಟತನವಾಗಿ ಕಂಡರೂ ಕೂಸಿಗೆ ಅದು ಅಭ್ಯಾಸ. ಯಾವದು ಯಾವದರೊಳಗೆ ಹಿಡಿಸುವದು, ಯಾವದು ಉರುಳುವದು, ಯಾವದು ನಿಲ್ಲುವದು, ಯಾವದನ್ನು ಬಡಿದರೆ ಎಂಥ ನಾದವಾಗುವದು ಎಂಬುದನ್ನು ಅದು ಗುರುವಿಲ್ಲದೆ ಕಲಿಯುತ್ತಿರುವದು. ಹೆಚ್ಚು ಬೆಲೆ ಕೊಟ್ಟು ತಂದ ಆಟಿಗೆಯನ್ನು ಬದಿಗಿಟ್ಟು, ಆ ಆಟಿಗೆ ಬಂದ ರಟ್ಟಿನ ಪೆಟ್ಟಿಗೆಯೊಳಗೆ ಹೊಕ್ಕು ಕುಳಿತು ನಗುವ ಕೂಸನ್ನು ಕಾಣದ ಮನೆ ವಿರಳ. ಜರ್ಮನಿ ದೇಶದ ಫ್ರೋಬೆಲ್ ಎಂಬ ಶಿಕ್ಷಣವೇತ್ತನು 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಊರಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟನು. ಆತನು ಮಕ್ಕಳ ಕೈಗೆ ಕೊಟ್ಟ ಮೊದಲ ಸಾಮಾನುಗಳು ನೂಲಿನ ಚೆಂಡು, ಮರದ ಗುಂಡು, ಮರದ ಉರುಳೆ, ಮರದ ಚೌಕದ ತುಂಡು, ಇಷ್ಟೇ. ಈ ಆಕಾರಗಳೆಲ್ಲ ಬಡವನ ಅಡಿಗೆಮನೆಯಲ್ಲಿಯೂ ಉಂಟು. ಹಾಲಿನ ಪುಡಿಯ ಡಬ್ಬಿ ಉರುಳೆಯಲ್ಲವೆ? ಕಡ್ಡಿಪೆಟ್ಟಿಗೆಯು ಇಟ್ಟಿಗೆಯ ಆಕಾರವಲ್ಲವೆ? ಕರಟವು ಅರ್ಧ ಗುಂಡಲ್ಲವೆ?

ಆಟಿಗೆಯ ಚರಿತ್ರೆ ಬಹು ಪ್ರಾಚೀನವಾದದ್ದು. ಸಿಂಧೂನದಿಯ ಬಯಲಿನ ಹರಪ್ಪಾ, ಮೊಹೆಂಜೋದಾರೋ ಪಟ್ಟಣಗಳ ನೆಲವನ್ನು ಅಗೆದಾಗ ಸುಟ್ಟ ಮಣ್ಣಿನ ಪುಟ್ಟ ಬಂಡಿಗಳೂ ಎತ್ತುಗಳೂ ಊದುವ ಪೀಪಿಗಳೂ ದೊರೆತವು. ಅವು ನಾಲ್ಕು ಸಾವಿರ ವರುಷಗಳಿಗಿಂತ ಹಿಂದಿನವು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಯ ದಿವಸ ಎರೆಮಣ್ಣನ್ನು ಕಲಸಿ ಎತ್ತಿನ ಜೋಡಿಯನ್ನೂ ಅದರ ಮುಂದೆ ಗೋದಲಿಯನ್ನೂ ಮಾಡಿ ಪೂಜಿಸುವರು. ಆ ದಿವಸ ಮುದುಕನು ಎತ್ತಿನ ಕೊಂಬನ್ನು ತೀಡುತ್ತಿದ್ದರೆ ಮೊಮ್ಮಗನು ಪಕ್ಕದಲ್ಲಿ ಕುಳಿತು ಬಾಲವನ್ನು ಅಂಟಿಸುವನು. ಬಾಲವು ಸೊಟ್ಟಗಾದರೂ ಅದು ಆ ಹುಡುಗನ ಎತ್ತು. ಅದಕ್ಕೆ ಅವನು ಕಟ್ಟುವ ಬೆಲೆ ಯಾವ ಪೇಟೆಯಲ್ಲಿಯೂ ಇಲ್ಲ.

ಈ ವಿಷಯದಲ್ಲಿ ಶೂದ್ರಕ ಕವಿಯ ಮೃಚ್ಛಕಟಿಕ ನಾಟಕದ ಒಂದು ಪ್ರಸಂಗವು ಮನನಯೋಗ್ಯವಾದದ್ದು. ಮೃಚ್ಛಕಟಿಕವೆಂದರೆ ಮಣ್ಣಿನ ಪುಟ್ಟ ಬಂಡಿ. ನಾಟಕಕ್ಕೆ ಹೆಸರೇ ಒಂದು ಆಟಿಗೆಯಿಂದ ಬಂದಿರುವದು. ದಾನ ಮಾಡಿ ಮಾಡಿ ಬಡವನಾದ ಚಾರುದತ್ತನಿಗೆ ರೋಹಸೇನನೆಂಬ ಚಿಕ್ಕ ಮಗನು. ಆ ಹುಡುಗನು ನೆರೆಮನೆಯ ಬಾಲಕನ ಬಂಗಾರದ ಬಂಡಿಯೊಡನೆ ಆಡಿದನು, ಅದರ ಒಡೆಯನು ಅದನ್ನು ಒಯ್ದನು, ಹುಡುಗನು ಅತ್ತನು. ಮನೆಯ ದಾಸಿಯಾದ ರದನಿಕೆಯು ಮಣ್ಣಿನ ಬಂಡಿಯೊಂದನ್ನು ಮಾಡಿಕೊಟ್ಟಳು. ಇದು ಬೇಡ, ಬಂಗಾರದ್ದೇ ಬೇಕೆಂದು ಹುಡುಗನ ಹಟ. ವಸಂತಸೇನೆಯು ಕನಿಕರಪಟ್ಟು ತನ್ನ ಮೈಮೇಲಿನ ಒಡವೆಗಳನ್ನು ಕಳಚಿ ಆ ಮಣ್ಣಿನ ಬಂಡಿಯಲ್ಲಿ ತುಂಬಿ, ಇವುಗಳಿಂದ ಬಂಗಾರದ ಬಂಡಿಯನ್ನು ಮಾಡಿಸಿಕೋ ಎಂದಳು. ಮುಂದೆ ನ್ಯಾಯಸ್ಥಾನದಲ್ಲಿ ಅದೇ ಒಡವೆಗಳು ಚಾರುದತ್ತನ ಗೆಳೆಯನಾದ ಮೈತ್ರೇಯನ ಕಂಕುಳಿಂದ ಜಾರಿ ಬಿದ್ದು, ನಿರಪರಾಧಿಯಾದ ಚಾರುದತ್ತನಿಗೆ ವಿರುದ್ಧವಾದ ಸಾಕ್ಷಿಯಾದವು. ಅವನು ವಧ್ಯಸ್ಥಾನದ ವರೆಗೂ ಹೋಗಬೇಕಾಯಿತು. ಮಗುವಿನ ಅಳುವನ್ನು ಬಂಗಾರದಿಂದ ನಿಲ್ಲಿಸಹೋದುದರ ಪರಿಣಾಮವು ಎಲ್ಲಿಯವರೆಗೆ ಮುಟ್ಟಿತೆಂಬುದು ಇದರಿಂದ ತಿಳಿಯುವದು.

ಆದರೆ ವಿಚಾರಿಸಬೇಕಾದ ಇನ್ನೊಂದು ಮಾತೂ ಇಲ್ಲಿ ಉಂಟು. ರದನಿಕೆಯ ಪ್ರೀತಿಗೇನೂ ಕೊರತೆಯಿರಲಿಲ್ಲ. ಹಾಗಿದ್ದೂ ಅವಳು ಮಾಡಿದ ಬಂಡಿಯು ಹುಡುಗನಿಗೇಕೆ ಹಿಡಿಸಲಿಲ್ಲ? ಅದು ಇಲ್ಲದ ಒಂದು ವಸ್ತುವಿನ ಬದಲಾಗಿ ಬಂದದ್ದು. ಅದರಲ್ಲಿ ಹುಡುಗನ ಕೈ ಸೇರಿರಲಿಲ್ಲ. ಅವನೇ ಮಣ್ಣನ್ನು ಕಲಸಿ, ಗಾಲಿಯನ್ನು ತಟ್ಟಿ, ಅಚ್ಚನ್ನು ಸೇರಿಸಿದ್ದರೆ ಆ ಬಂಡಿಯು ಬಂಗಾರದ ಬಂಡಿಯ ಬಡತಮ್ಮನಾಗಿ ಉಳಿಯದೆ ಅವನದೇ ಆಗುತ್ತಿತ್ತು. ಮಗುವಿನ ಕೈ ಸೇರದ ಆಟಿಗೆ ಕೇವಲ ಒಂದು ಬದಲಿ. ಕೈ ಸೇರಿದ ಆಟಿಗೆ ಅದರ ಸ್ವಂತ ಸೊತ್ತು. ಈ ಉಪನ್ಯಾಸದ ಮುಖ್ಯ ತಾತ್ಪರ್ಯವು ಇಷ್ಟೇ.

ಇನ್ನು ಮನೆಯ ಪಾತ್ರೆಪದಾರ್ಥಗಳ ಮಾತು. ಹಿಂದಿನ ಮನೆಗಳಲ್ಲಿ ಗಡಿಗೆ, ಮೊಗೆ, ಸೋರೆಬುರುಡೆ, ಬಿದಿರಿನ ಬುಟ್ಟಿ, ಮೊರ, ಕರಟ ಇವೇ ಸಾಮಾನು ತುಂಬುವ ಸಾಧನಗಳಾಗಿದ್ದವು. ಹನ್ನೆರಡನೆಯ ಶತಮಾನದ ಶರಣರಲ್ಲಿ ಮೇದಾರ ಕೇತಯ್ಯನವರು ಬಿದಿರನ್ನು ಸೀಳಿ ಬುಟ್ಟಿ ಮೊರಗಳನ್ನು ಹೆಣೆಯುವದನ್ನೇ ಕಾಯಕ ಮಾಡಿಕೊಂಡಿದ್ದರೆಂಬುದು ಭಕ್ತರೆಲ್ಲರಿಗೂ ವಿದಿತವಾದ ಸಂಗತಿ. ಆ ಕಾಲದ ಯಾವ ಪಾತ್ರೆಯೂ ಒಂದೇ ಜನ್ಮದಲ್ಲಿ ಮುಗಿಯುತ್ತಿರಲಿಲ್ಲ. ಒಡೆದ ಗಡಿಗೆಯ ಚೂರು ಕುಂಟೆಬಿಲ್ಲೆಯ ಬಿಲ್ಲೆಯಾಗುತ್ತಿತ್ತು. ಎರಡು ಕರಟಗಳು ಒಂದು ಕೋಲು, ಆರು ಎಳೆ ದಾರ ಸೇರಿ ತಕ್ಕಡಿಯಾಗುತ್ತಿದ್ದವು. ಹರಿದ ಸೀರೆಯು ಕೌದಿಯಾಗಿ, ಕೌದಿಯ ತುಂಡು ಹುಡುಗನ ಪಾಟಿಚೀಲವಾಗುತ್ತಿತ್ತು. ಕೊನೆಗೆ ಮಣ್ಣು ಮಣ್ಣಿಗೆ ಸೇರುತ್ತಿತ್ತು, ಬಿದಿರು ತಿಪ್ಪೆಯಲ್ಲಿ ಗೊಬ್ಬರವಾಗುತ್ತಿತ್ತು.

ಮುಂದೆ ಸೀಮೆಎಣ್ಣೆಯು ನಾಲ್ಕು ಗ್ಯಾಲನ್, ಎಂದರೆ ಸುಮಾರು 18 ಲೀಟರು ಹಿಡಿಯುವ ಚೌಕದ ತಗಡಿನ ಡಬ್ಬಿಗಳಲ್ಲಿ ಹಳ್ಳಿಹಳ್ಳಿಗೆ ಬಂದಿತು. ಎಣ್ಣೆ ತೀರಿದ ಮೇಲೆ ಆ ಡಬ್ಬಿಯು ನೀರು ಹೊರುವ ಸಾಧನವಾಯಿತು, ಕಾಳು ತುಂಬುವ ಪೆಟ್ಟಿಗೆಯಾಯಿತು. ತಗಡಿನ ಕೆಲಸದವರು ಅದನ್ನು ಬಿಚ್ಚಿ ಚಿಮಣಿ, ಲಾಳಿಕೆ, ಮಕ್ಕಳ ಗಿಲಕಿ ಮುಂತಾದವುಗಳನ್ನು ಮಾಡುತ್ತಿದ್ದರು. ಅವರು ಕತ್ತರಿಸಿದ ತಗಡಿನ ಅಂಚನ್ನು ಎಂದೂ ಹಾಗೆಯೇ ಬಿಡುತ್ತಿರಲಿಲ್ಲ. ಅಂಚನ್ನು ಹೊರಳಿಸಿ, ಒಳಗೆ ತಂತಿಯನ್ನಿಟ್ಟು, ಮರದ ಕೊಡತಿಯಿಂದ ಬಡಿದು ನುಣುಪು ಮಾಡುತ್ತಿದ್ದರು. ಇದರಿಂದ ಪಾತ್ರೆಗೆ ಬಲವೂ ಕೈಗೆ ಅಭಯವೂ ಆಗುತ್ತಿದ್ದವು.

ಈಗಿನ ಕಾಲದಲ್ಲಿ ಪ್ಲಾಸ್ಟಿಕ್ಕಿನ ಶೀಶೆ, ಡಬ್ಬಿ, ಕ್ಯಾನುಗಳು ಮನೆಯನ್ನು ತುಂಬಿರುವವು. ಇವು ಹಗುರವಾದವು, ಸೋರದವು, ಒಡೆಯದವು. ಆದರೆ ಇವುಗಳ ಗುಣವೇ ಇವುಗಳ ದೋಷ. ತಿಪ್ಪೆಗೆ ಹಾಕಿದರೆ ಕೊಳೆಯುವದಿಲ್ಲ. ಸುಟ್ಟರೆ ವಿಷದ ಹೊಗೆ ಏಳುವದು. ಚರಂಡಿಗೆ ಬಿದ್ದರೆ ನೀರು ಕಟ್ಟುವದು. ಯಾವ ವಸ್ತುವು ತಾನಾಗಿ ಅಳಿಯಲಾರದೋ ಅದಕ್ಕೆ ಮನುಷ್ಯನೇ ಎರಡನೆಯ, ಮೂರನೆಯ ಉಪಯೋಗವನ್ನು ಕಾಣಬೇಕಾದದ್ದು ನ್ಯಾಯ.

ಬಿಸಾಡಿದ ಡಬ್ಬಿಯಿಂದ ಆಟಿಗೆ ಮಾಡುವದು ಕೇವಲ ಹೊತ್ತು ಕಳೆಯುವ ಕೆಲಸವಲ್ಲವೆಂಬುದಕ್ಕೆ ಎರಡು ನಿದರ್ಶನಗಳನ್ನು ಹೇಳಬಹುದು. ಮೊದಲನೆಯದು ಜಪಾನ ದೇಶದ್ದು. 1945ರ ಆಗಸ್ಟಿನಲ್ಲಿ ಆ ದೇಶವು ಯುದ್ಧದಲ್ಲಿ ಸೋತಾಗ ಪಟ್ಟಣಗಳು ಬೂದಿಯಾಗಿದ್ದವು. ತಗಡಾಗಲಿ ಬಣ್ಣವಾಗಲಿ ಸಿಕ್ಕುತ್ತಿರಲಿಲ್ಲ. ಮಕ್ಕಳಿಗೆ ಅನ್ನಕ್ಕೇ ತತ್ವಾರ, ಆಟಿಗೆಯ ಮಾತೆಲ್ಲಿಯದು? ಆಗ ಬಿವಾ ಸರೋವರದ ದಡದ ಒತ್ಸು ಪಟ್ಟಣದಲ್ಲಿ ಕೊಸುಗೆ ಮಾತ್ಸುಜೋ ಎಂಬ ಆಟಿಗೆಯ ಕಸಬಿನವನು, ದೇಶದೊಳಗೆ ಬಂದಿಳಿದ ಅಮೇರಿಕದ ಸೈನಿಕರು ಉಂಡು ಬಿಸಾಡಿದ ಆಹಾರದ ಡಬ್ಬಿಗಳನ್ನು ಕೂಡಿಸಿ, ತೊಳೆದು, ಬಿಚ್ಚಿ, ಅದೇ ಸೈನಿಕರು ಓಡಿಸುತ್ತಿದ್ದ ಜೀಪುಗಾಡಿಯ ಆಕಾರದಲ್ಲಿ ಪುಟ್ಟ ಆಟಿಗೆಗಳನ್ನು ಮಾಡಿದನು. ಅದೇ ವರುಷದ ಡಿಸೆಂಬರದಲ್ಲಿ ಕ್ಯೋತೋ ನಗರದ ಒಂದು ದೊಡ್ಡ ಅಂಗಡಿಯಲ್ಲಿ ಅವು ಹತ್ತು ಯೆನ್ ಬೆಲೆಗೆ ಮಾರಾಟಕ್ಕೆ ಬಂದವು. ಜನರು ಮುಗಿಬಿದ್ದು ಕೊಂಡರು. ಮುಂದಿನ ವರುಷಗಳಲ್ಲಿ ಜಪಾನದ ತಗಡಿನ ಆಟಿಗೆಗಳು ಹಡಗು ಹತ್ತಿ ಅಮೇರಿಕಕ್ಕೇ ಹೋಗಿ ಮಾರಾಟವಾದವು. ಗೆದ್ದವರು ಎಸೆದ ಡಬ್ಬಿಯಲ್ಲಿ ಸೋತವರ ಮಕ್ಕಳ ನಗುವನ್ನು ಕಂಡ ಆ ಕಸಬಿನವನ ದೃಷ್ಟಿಯು ಸಾಮಾನ್ಯವಾದದ್ದಲ್ಲ.

ಎರಡನೆಯದು ಭಾರತದ್ದು. ಮಧ್ಯಪ್ರದೇಶದಲ್ಲಿ ಹೋಶಂಗಾಬಾದವೆಂದು ಹೆಸರಾಗಿದ್ದ, ಈಗ ನರ್ಮದಾಪುರಂ ಎನಿಸಿಕೊಳ್ಳುವ ಜಿಲ್ಲೆಯಲ್ಲಿ, 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಒಂದು ಹೊಸ ವಿಜ್ಞಾನಶಿಕ್ಷಣದ ಕ್ರಮವು ಪ್ರಾರಂಭವಾಯಿತು. ಹಳ್ಳಿಯ ಮಕ್ಕಳು ಪುಸ್ತಕದ ಮಾತನ್ನು ಬಾಯಿಪಾಠ ಮಾಡದೆ, ಊರಲ್ಲಿ ಸಿಕ್ಕುವ ಸಾಮಾನಿನಿಂದಲೇ ಪ್ರಯೋಗ ಮಾಡಿ ಕಲಿಯಬೇಕೆಂಬುದು ಅದರ ಉದ್ದೇಶ. ಕಾನಪುರದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಇಂಜಿನಿಯರಿಂಗ್ ಓದಿ 1975ರಲ್ಲಿ ಪದವಿಯನ್ನು ಪಡೆದು, ಪುಣೆಯ ಮೋಟಾರು ಕಾರಖಾನೆಯಲ್ಲಿ ಕೆಲಸಕ್ಕಿದ್ದ ಅರವಿಂದ ಗುಪ್ತರೆಂಬುವರು 1978ರಲ್ಲಿ ರಜೆ ಪಡೆದು ಅಲ್ಲಿಗೆ ಹೋದರು. ವಾರದ ಸಂತೆಯಲ್ಲಿ ಅವರಿಗೆ ಸಾಯಕಲ್ಲಿನ ವಾಲ್ವಿಗೆ ಹಾಕುವ ಸಣ್ಣ ರಬ್ಬರಿನ ನಳಿಗೆ ಸಿಕ್ಕಿತು. ಅದನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಎರಡೂ ಕಡೆಗೆ ಬೆಂಕಿಕಡ್ಡಿಗಳನ್ನು ಸಿಕ್ಕಿಸಿದರು. ಮೂರು ಕಡ್ಡಿಗಳಿಂದ ತ್ರಿಕೋನವಾಯಿತು, ನಾಲ್ಕರಿಂದ ಚೌಕವಾಯಿತು. ಚೌಕವನ್ನು ಬೆರಳಿನಿಂದ ಒತ್ತಿದರೆ ಅದು ಓರೆಯಾಗಿ ಕುಸಿಯುವದು. ತ್ರಿಕೋನವನ್ನು ಎಷ್ಟು ಒತ್ತಿದರೂ ಆಕಾರ ಕೆಡುವದಿಲ್ಲ. ಮನೆಯ ಛಾವಣಿಗೂ ಕಬ್ಬಿಣದ ಸೇತುವೆಗೂ ತ್ರಿಕೋನಗಳನ್ನೇ ಏಕೆ ಕಟ್ಟುವರೆಂಬುದನ್ನು ಹಳ್ಳಿಯ ಹುಡುಗನು ಹತ್ತು ಬೆಂಕಿಕಡ್ಡಿಗಳಲ್ಲಿ ಕಂಡುಕೊಂಡನು. ಛಾಯಾಚಿತ್ರದ ಸುರುಳಿ ಬರುತ್ತಿದ್ದ ಕರಿ ಡಬ್ಬಿಗಳಿಂದ ಪುಗ್ಗೆ ಊದುವ ಪಂಪನ್ನು ಮಾಡುವದೇ ಮೊದಲಾದ ನೂರಾರು ಉಪಾಯಗಳನ್ನು ಗುಪ್ತರು ಮುಂದೆ ಪುಸ್ತಕಗಳಲ್ಲಿಯೂ ಚಲಚ್ಚಿತ್ರಗಳಲ್ಲಿಯೂ ತೋರಿಸಿಕೊಟ್ಟರು. ಪುಣೆಯ ಖಗೋಳವಿಜ್ಞಾನ ಕೇಂದ್ರದಲ್ಲಿ ಅನೇಕ ವರುಷ ಮಕ್ಕಳೊಡನೆ ಕೆಲಸ ಮಾಡಿದರು. 2018ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು. ಹೋಶಂಗಾಬಾದದ ಆ ಶಿಕ್ಷಣಕ್ರಮವು 2002ರಲ್ಲಿ ನಿಂತುಹೋಯಿತು. ಆದರೆ ಅಲ್ಲಿ ಹುಟ್ಟಿದ ಕೈಗೆಲಸದ ವಿದ್ಯೆಯು ನಿಲ್ಲಲಿಲ್ಲ.

ಇನ್ನು ಪ್ರತಿಯೊಂದು ಮನೆಯಲ್ಲಿಯೂ ಮಾಡಬಹುದಾದ ಕೆಲವು ಆಟಿಗೆಗಳ ಕ್ರಮವನ್ನು ಸಂಕ್ಷೇಪವಾಗಿ ಹೇಳಲಾಗುವದು.

ಮೊದಲನೆಯದು, ಹಿಂದಿರುಗುವ ಡಬ್ಬಿ. ಬಿಗಿಯಾದ ಮುಚ್ಚಳವುಳ್ಳ ದುಂಡನೆಯ ಡಬ್ಬಿಯೊಂದನ್ನು ತೆಗೆದುಕೊಂಡು, ತಳದ ನಡುವೆಯೂ ಮುಚ್ಚಳದ ನಡುವೆಯೂ ಒಂದೊಂದು ತೂತು ಮಾಡಬೇಕು. ಉದ್ದವಾದ ರಬ್ಬರಿನ ಉಂಗುರವನ್ನು ಒಂದು ತೂತಿನಿಂದ ಇನ್ನೊಂದಕ್ಕೆ ಎಳೆದು, ಹೊರಗೆ ಎರಡು ಕಡೆಗೂ ಕಡ್ಡಿ ಸಿಕ್ಕಿಸಿ ನಿಲ್ಲಿಸಬೇಕು. ಡಬ್ಬಿಯೊಳಗೆ ರಬ್ಬರಿನ ನಟ್ಟನಡುವೆ ಭಾರವಾದ ಒಂದು ಕಬ್ಬಿಣದ ನಟ್ಟನ್ನು ಜೋಲುವಂತೆ ಕಟ್ಟಿ ಮುಚ್ಚಳ ಹಾಕಬೇಕು. ಈ ಡಬ್ಬಿಯನ್ನು ನೆಲದ ಮೇಲೆ ಉರುಳಿಸಿದರೆ ಅದು ದೂರ ಹೋಗಿ ನಿಂತು, ಕರೆದವರಂತೆ ತಾನಾಗಿ ಹಿಂದಕ್ಕೆ ಬರುವದು. ಒಳಗಿನ ಭಾರವು ಯಾವಾಗಲೂ ಕೆಳಗೇ ಜೋಲುವದರಿಂದ ಡಬ್ಬಿ ಉರುಳಿದಂತೆ ರಬ್ಬರು ಹೊಸೆದುಕೊಳ್ಳುವದು. ಹೊಸೆದದ್ದು ಬಿಚ್ಚಿಕೊಳ್ಳುವಾಗ ಡಬ್ಬಿಯನ್ನು ಹಿಂದಕ್ಕೆ ತಿರುಗಿಸುವದು. ಮುಚ್ಚಳ ತೆಗೆದು ಇದನ್ನು ಮಗುವಿಗೆ ತೋರಿಸಬೇಕು. ಗುಟ್ಟನ್ನು ಬಚ್ಚಿಟ್ಟರೆ ಅದು ಗಾರುಡಿಯಾದೀತು. ಬಿಚ್ಚಿ ತೋರಿಸಿದರೆ ವಿದ್ಯೆಯಾಗುವದು.

ಎರಡನೆಯದು, ದಾರದ ದೂರವಾಣಿ. ಎರಡು ಖಾಲಿ ಡಬ್ಬಿಗಳ ಇಲ್ಲವೆ ಕಡ್ಡಿಪೆಟ್ಟಿಗೆಗಳ ನಡುವೆ ಹತ್ತಿಪ್ಪತ್ತು ಮೊಳ ದಾರವನ್ನು ಕಟ್ಟಿ ಬಿಗಿಯಾಗಿ ಎಳೆದು ಹಿಡಿದರೆ, ಪಡಸಾಲೆಯಲ್ಲಿ ಪಿಸುಗುಟ್ಟಿದ ಮಾತು ಹಿತ್ತಲಲ್ಲಿ ಕೇಳುವದು. ದಾರವು ಸಡಿಲಾದರೆ ಮಾತು ನಿಲ್ಲುವದು. ನಡುವೆ ಬೆರಳು ಮುಟ್ಟಿಸಿದರೂ ನಿಲ್ಲುವದು. ಶಬ್ದವೆಂದರೆ ನಡುಕವೆಂಬ ಪಾಠವು ಇಲ್ಲಿ ಕಿವಿಗೂ ಬೆರಳಿಗೂ ಒಮ್ಮೆಲೆ ಆಗುವದು.

ಮೂರನೆಯದು, ಎಳೆಯುವ ಬಂಡಿ. ಚಪ್ಪಟೆಯಾದ ಎಣ್ಣೆಯ ಕ್ಯಾನನ್ನು ಅಡ್ಡಲಾಗಿ ಮಲಗಿಸಿ ಮೇಲ್ಮೈಯನ್ನು ಕತ್ತರಿಸಿದರೆ ಬಂಡಿಯ ತೊಟ್ಟಿಲಾಯಿತು. ಒಂದೇ ಅಳತೆಯ ನಾಲ್ಕು ಮುಚ್ಚಳಗಳು ಗಾಲಿಗಳು. ಮುಚ್ಚಳದ ನಡುವನ್ನು ಕಣ್ಣಳತೆಯಿಂದ ಹಿಡಿಯಬಾರದು. ಮುಚ್ಚಳದಷ್ಟೇ ದುಂಡಾದ ಕಾಗದವನ್ನು ಕತ್ತರಿಸಿ, ಅದನ್ನು ಎರಡು ಸಲ ಮಡಚಿ ಬಿಚ್ಚಿದರೆ ಮಡಿಕೆಗಳು ಕೂಡುವಲ್ಲಿ ನಡುವು ಸಿಕ್ಕುವದು. ತೂತು ನಡುವಿನಲ್ಲಿರದಿದ್ದರೆ ಬಂಡಿಯು ಕುಂಟುವದು. ಸಾಯಕಲ್ಲಿನ ಕಡ್ಡಿಯೇ ಅಚ್ಚು. ಅದು ಹೊರಳುವದಕ್ಕೆ ಹಳೆಯ ಲೇಖಣಿಯ ಟೊಳ್ಳಾದ ಕೊಳವೆಯನ್ನು ಬಂಡಿಯ ತಳಕ್ಕೆ ಕಟ್ಟಬೇಕು. ಮುಂದೆ ಒಂದು ಹುರಿಯನ್ನು ಕಟ್ಟಿದರೆ ಬಂಡಿಯು ಸಿದ್ಧ. ತುದಿಗೆ ದೊಡ್ಡ ಕುಣಿಕೆ ಹಾಕದೆ ಗಂಟು ಬಿಡುವದು ಒಳ್ಳೆಯದು. ಕುಣಿಕೆಯು ಕೂಸಿನ ಕೊರಳಿಗೆ ಸಿಕ್ಕುವ ಭಯವುಂಟು.

ನಾಲ್ಕನೆಯದು, ಹೊರುವ ಸಾಧನಗಳು. ಮಕ್ಕಳಿಗೆ ಹೊರುವದೆಂದರೆ ಬಹಳ ಇಷ್ಟ. ಮನೆಯ ಕೆಲಸದಲ್ಲಿ ತಮಗೂ ಪಾಲುಂಟೆಂಬ ಹೆಮ್ಮೆಯು ಅದರಲ್ಲಿರುವದು. ಐದು ಲೀಟರಿನ ಎಣ್ಣೆಯ ಕ್ಯಾನಿನ ಹಿಡಿಕೆಯನ್ನು ಉಳಿಸಿ, ಎದುರಿನ ಮೇಲ್ಭಾಗವನ್ನು ಓರೆಯಾಗಿ ಕತ್ತರಿಸಿದರೆ ಪೂಜೆಗೆ ಹೂ ಕೊಯ್ದು ತರಲು ಒಳ್ಳೆಯ ಬುಟ್ಟಿಯಾಗುವದು. ಅದರಲ್ಲಿಯೇ ಬಿತ್ತುವ ಬೀಜವನ್ನೋ, ಆಟದ ಗೋಲಿಗಳನ್ನೋ, ಕೋಳಿಗೆ ಹಾಕುವ ನುಚ್ಚನ್ನೋ ಒಯ್ಯಬಹುದು. ಎರಡು ಚಿಕ್ಕ ಡಬ್ಬಿಗಳನ್ನು ಕೋಲಿನ ಎರಡು ತುದಿಗಳಿಗೆ ತೂಗಬಿಟ್ಟರೆ ಕಾವಡಿಯಾಗುವದು. ಒಂದು ಕಡೆಗೆ ಹೆಚ್ಚು ಮರಳು ಹಾಕಿದರೆ ಹೆಗಲು ಎಲ್ಲಿಗೆ ಸರಿಯಬೇಕೆಂಬುದನ್ನು ಹುಡುಗನು ತಾನೇ ಕಂಡುಕೊಳ್ಳುವನು. ಹಳೆಯ ಕೌದಿಯ ಗಟ್ಟಿ ತುಂಡಿನಿಂದ ಪಾಟಿಚೀಲವನ್ನು ಹೊಲಿದು, ಅದರ ತಳಕ್ಕೆ ತೆಳ್ಳಗಿನ ಡಬ್ಬಿಯ ಹಲಗೆಯನ್ನಿಟ್ಟರೆ ಪುಸ್ತಕದ ಮೂಲೆ ಮುರಿಯುವದಿಲ್ಲ.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ಉಪನ್ಯಾಸವು ಅಪೂರ್ಣವಾಗುವದು ಮಾತ್ರವಲ್ಲ, ಅಪಾಯಕರವೂ ಆಗುವದು. ಡಬ್ಬಿಗಳೆಲ್ಲವೂ ಒಂದೇ ಅಲ್ಲ. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನವೆಂಬ ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ ಮಕ್ಕಳಲ್ಲಿ 23 ಮಂದಿ ಮೃತಪಟ್ಟರು. ಅಡಿಗೆಯ ಎಣ್ಣೆಯಲ್ಲಿ ಮೊನೊಕ್ರೋಟೊಫಾಸ್ ಎಂಬ ಬೆಳೆಯ ಕೀಟನಾಶಕವು ಬೆರೆತಿದ್ದುದು ಪರೀಕ್ಷೆಯಿಂದ ಹೊರಬಿದ್ದಿತು; ಕೀಟನಾಶಕವಿದ್ದ ಡಬ್ಬಿಯಲ್ಲಿ ಎಣ್ಣೆಯನ್ನು ತುಂಬಿದ್ದರೆಂದು ತನಿಖೆಯ ಅಧಿಕಾರಿಗಳು ಹೇಳಿದರು. ಒಂದು ಹಳೆಯ ಡಬ್ಬಿಯು ಇಪ್ಪತ್ತಕ್ಕೂ ಮಿಕ್ಕಿ ಮನೆಗಳ ದೀಪವನ್ನಾರಿಸಬಲ್ಲದೆಂಬುದಕ್ಕೆ ಇದಕ್ಕಿಂತ ಕಠೋರವಾದ ಸಾಕ್ಷಿ ಬೇಡ. ಆದಕಾರಣ ಬೆಳೆಯ ಔಷಧ, ಇಲಿಯ ಪಾಷಾಣ, ಶೌಚಗೃಹ ತೊಳೆಯುವ ದ್ರವ, ಬಣ್ಣ, ಯಂತ್ರದ ಎಣ್ಣೆ ಇವುಗಳಿದ್ದ ಡಬ್ಬಿಗಳನ್ನು ಎಷ್ಟು ತೊಳೆದರೂ ಮಕ್ಕಳ ಕೈಗೆ ಕೊಡಬಾರದು, ಅಡಿಗೆಮನೆಯೊಳಗೆ ತರಬಾರದು. ಅವುಗಳಿಗೆ ತೂತು ಹೊಡೆದು ನಿರುಪಯೋಗಿ ಮಾಡಿ, ಒಪ್ಪಿಸತಕ್ಕ ಕಡೆಗೆ ಒಪ್ಪಿಸಬೇಕು. ಉಣ್ಣುವ ತಿನ್ನುವ ಪದಾರ್ಥಗಳಿದ್ದ ಡಬ್ಬಿ ಮಾತ್ರ ಆಟಿಗೆಗೆ ಯೋಗ್ಯ. ಮೊದಲು ಏನಿತ್ತೆಂದು ತಿಳಿಯದ ಡಬ್ಬಿಯನ್ನು ವಿಷದ್ದೆಂದೇ ಎಣಿಸತಕ್ಕದ್ದು.

ಎರಡನೆಯ ಎಚ್ಚರಿಕೆಯು ಅಂಚಿನದು. ಕತ್ತರಿಸುವ ಕೆಲಸವು ದೊಡ್ಡವರದು. ಅಂಟಿಸುವ, ಕಟ್ಟುವ, ಜೋಡಿಸುವ ಕೆಲಸವು ಮಕ್ಕಳದು. ತಗಡಿನ ಅಂಚನ್ನು ಮೇಲೆ ಹೇಳಿದಂತೆ ಹೊರಳಿಸಿ ಬಡಿಯಬೇಕು. ಪ್ಲಾಸ್ಟಿಕ್ಕಿನ ಅಂಚಿಗೆ ಬಟ್ಟೆಯ ಪಟ್ಟಿಯನ್ನು ಸುತ್ತಿ ಹೊಲಿಯಬೇಕು. ಮೂರನೆಯದು, ನುಂಗುವ ಭಯ. ಮೂರು ವರುಷ ತುಂಬದ ಕೂಸು ಸಿಕ್ಕಿದ್ದನ್ನೆಲ್ಲ ಬಾಯಿಗಿಡುವದು. ಆಟಿಗೆಗಳನ್ನು ಪರೀಕ್ಷಿಸುವವರು 31.7 ಮಿಲಿಮೀಟರು ಅಡ್ಡಳತೆಯ ಒಂದು ಕೊಳವೆಯನ್ನಿಟ್ಟುಕೊಂಡು, ಅದರೊಳಗೆ ಪೂರ್ತಿಯಾಗಿ ಹೋಗುವ ಯಾವ ತುಂಡೂ ಅಂಥ ಕೂಸಿಗೆ ಸಲ್ಲದೆಂದು ನಿರ್ಣಯಿಸಿರುವರು. ನೀರಿನ ಶೀಶೆಯ ಮುಚ್ಚಳವು ಸಾಮಾನ್ಯವಾಗಿ ಈ ಅಳತೆಯೊಳಗೇ ಬರುವದರಿಂದ ಮುಚ್ಚಳದ ಗಾಲಿಯ ಬಂಡಿಯು ದೊಡ್ಡ ಮಕ್ಕಳಿಗೆ ಮಾತ್ರ. ಗುಂಡಿಯಂಥ ಚಿಕ್ಕ ವಿದ್ಯುತ್ಕೋಶಗಳನ್ನು ನುಂಗಿದರೆ ಅನ್ನನಾಳವೇ ಸುಡುವದು. ಅವು ಮಕ್ಕಳ ಕಣ್ಣಿಗೂ ಬೀಳಬಾರದು. ನಾಲ್ಕನೆಯದು, ಬಣ್ಣ. ಹಳೆಯ ಬಣ್ಣಗಳಲ್ಲಿ ಸೀಸವಿರುವದು. ಅದು ಎಳೆಯ ಮಿದುಳಿಗೆ ವಿಷ. ಭಾರತದಲ್ಲಿ 2017ರ ನವೆಂಬರ 1ರಿಂದ ಮನೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮವು ಜಾರಿಯಲ್ಲಿದೆ. ಆದರೂ ಮನೆಯ ಆಟಿಗೆಗೆ ಅರಿಷಿಣ, ಬೀಟರೂಟಿನ ರಸ, ಕೆಮ್ಮಣ್ಣುಗಳ ಬಣ್ಣವೇ ಸಾಕು.

ಇಲ್ಲಿ ಒಂದು ಆಕ್ಷೇಪವನ್ನು ವಿಚಾರಿಸಬೇಕು. ಉಳ್ಳವರ ಮಕ್ಕಳಿಗೆ ಅಂಗಡಿಯ ಆಟಿಗೆ, ಇಲ್ಲದವರ ಮಕ್ಕಳಿಗೆ ತಿಪ್ಪೆಯ ಡಬ್ಬಿ ಎಂಬ ಭೇದವನ್ನು ಇದು ಗಟ್ಟಿ ಮಾಡದೆ? ಬಡವರ ಕೂಸಿಗೆ ಕಸವನ್ನು ಕೊಟ್ಟು ಸಮಾಧಾನ ಹೇಳಿದಂತಾಗದೆ? ಈ ಆಕ್ಷೇಪವನ್ನು ಹಗುರಾಗಿ ತಳ್ಳಲಾಗದು. ರೋಹಸೇನನ ಕಣ್ಣೀರಿನಲ್ಲಿ ಇದ್ದ ಪ್ರಶ್ನೆಯೂ ಇದೇ. ತಂದೆತಾಯಿಗಳು, ನಮಗೆ ಕೊಳ್ಳಲು ಆಗುವದಿಲ್ಲ, ನಿನಗೆ ಇದೇ ಸಾಕು, ಎಂದು ಹೇಳಿ ಡಬ್ಬಿಯನ್ನು ಕೊಟ್ಟರೆ ಅವರು ಕೊಟ್ಟದ್ದು ಆಟಿಗೆಯಲ್ಲ, ಬಡತನ. ಅದೇ ಡಬ್ಬಿಯನ್ನು ಮಗುವಿನೊಡನೆ ನೆಲದ ಮೇಲೆ ಕುಳಿತು, ಇದರಿಂದ ಏನು ಮಾಡೋಣ, ಎಂದು ಕೇಳಿದರೆ ಕೊಟ್ಟದ್ದು ವಿದ್ಯೆ. ವಸ್ತು ಒಂದೇ, ಮಾತು ಬೇರೆ. ಮಾತು ಬೇರೆಯಾದರೆ ಫಲವೂ ಬೇರೆ. ಈ ವಿದ್ಯೆಯು ಉಳ್ಳವರ ಮನೆಗೆ ಇನ್ನೂ ಹೆಚ್ಚು ಅವಶ್ಯ. ಕಪಾಟಿನ ತುಂಬ ಆಟಿಗೆಗಳಿದ್ದೂ ಒಂದನ್ನಾದರೂ ಬಿಚ್ಚಿ ನೋಡದ, ಮುರಿದದ್ದನ್ನು ಜೋಡಿಸಲು ಬಾರದ ಹುಡುಗನೇ ನಿಜವಾಗಿ ಬಡವ. ಶಾಲೆಯ ಒಂದೇ ಚಾಪೆಯ ಮೇಲೆ ಸಾಹುಕಾರನ ಮಗನೂ ಕೂಲಿಯವನ ಮಗನೂ ಕುಳಿತು ಒಂದೇ ಬಗೆಯ ಡಬ್ಬಿಯಿಂದ ಬಂಡಿ ಮಾಡಿದರೆ, ಯಾರ ಬಂಡಿಯು ಕುಂಟದೆ ಓಡುವದೋ ಅವನೇ ಅಲ್ಲಿ ದೊಡ್ಡವನು.

ಇದರಿಂದ ಕುಶಲಕರ್ಮಿಗಳ ಬದುಕಿಗೆ ಧಕ್ಕೆ ಬಂದೀತೆಂದು ಯಾರೂ ಶಂಕಿಸಬೇಕಾಗಿಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ ಆಟಿಗೆ, ಕಿನ್ನಾಳದ ಮರದ ಬೊಂಬೆ, ಗೋಕಾವಿಯ ಕಟ್ಟಿಗೆಯ ಹಣ್ಣುಗಳು ಈ ನಾಡಿನ ಭೂಷಣಗಳು. ತಾನೇ ಬಂಡಿಯೊಂದನ್ನು ಮಾಡಿ ನೋಡಿದ ಹುಡುಗನು ಜಾತ್ರೆಯಲ್ಲಿ ಕುಶಲಿಯ ಕೆಲಸವನ್ನು ಕಂಡಾಗ ಅದರ ಶ್ರಮವನ್ನು ತಿಳಿದು ಗೌರವಿಸುವನು. ಅಂಗಡಿಯ ಆಟಿಗೆಯನ್ನು ಕೊಳ್ಳುವದಾದರೆ, 2021ರ ಜನೆವರಿ 1ರಿಂದ ಭಾರತದಲ್ಲಿ ಆಟಿಗೆಗಳಿಗೆ ಕಡ್ಡಾಯವಾಗಿರುವ ಐ.ಎಸ್.ಐ. ಗುರುತನ್ನು ನೋಡಿ ಕೊಳ್ಳತಕ್ಕದ್ದು. ನೋಂದಾಯಿತ ಕರಕುಶಲಿಗಳಿಗೆ ಈ ನಿಯಮದಿಂದ ವಿನಾಯಿತಿಯುಂಟು.

ಒಂದು ಮಿತಿಯನ್ನೂ ಮರೆಯಲಾಗದು. ಮನೆಗೆ ಬರುವ ಡಬ್ಬಿಗಳೆಲ್ಲವನ್ನೂ ಆಟಿಗೆ ಮಾಡಿ ಮುಗಿಸಲಾಗದು. ಆಟಿಗೆಗೆ ಬೇಕೆಂದು ಹೆಚ್ಚು ಡಬ್ಬಿಗಳನ್ನು ಕೊಂಡುತರುವದಂತೂ ವಿವೇಕವಲ್ಲ. ಬೇಡದ್ದನ್ನು ತರದಿರುವದು ಮೊದಲನೆಯದು. ತಂದದ್ದನ್ನು ಮತ್ತೆ ಮತ್ತೆ ಬಳಸುವದು ಎರಡನೆಯದು. ಉಳಿದದ್ದನ್ನು ಸುಡದೆ, ಹರಡದೆ, ಬೇರ್ಪಡಿಸಿ ಒಪ್ಪಿಸುವದು ಮೂರನೆಯದು. ಹಳೆಯ ಡಬ್ಬಿಯಿಂದ ಬಂಡಿಯನ್ನು ಮಾಡಿ, ಅದು ಮುರಿದಾಗ ಅದರ ಗಾಲಿಯನ್ನು ಇನ್ನೊಂದು ಬಂಡಿಗೆ ತೊಡಿಸಿದ ಹುಡುಗನಿಗೆ ಈ ಮೂರು ಮಾತುಗಳನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ. ಯಾವ ವಸ್ತುವನ್ನೂ ಎಸೆಯುವ ಮುನ್ನ ಒಮ್ಮೆ ತಿರುಗಿಸಿ ನೋಡುವ ಅಭ್ಯಾಸವು ಅವನ ಕೈಯಲ್ಲಿಯೇ ಬೇರೂರಿರುವದು.

ಆದುದರಿಂದ ಭಕ್ತರು ತಮ್ಮ ತಮ್ಮ ಮನೆಗಳಲ್ಲಿ ವಾರಕ್ಕೊಂದು ಸಂಜೆಯನ್ನು ಈ ಕೆಲಸಕ್ಕೆ ಮೀಸಲಿಡುವದು ಉತ್ತಮ. ಮನೆಯ ಅಜ್ಜನಿಗೆ ಕರಟದ ತಕ್ಕಡಿಯನ್ನು ಕಟ್ಟಲು ಬರುವದು, ಅಜ್ಜಿಗೆ ಕೌದಿಯನ್ನು ಹೊಲಿಯಲು ಬರುವದು; ಅವರ ಕೈಯಲ್ಲಿರುವ ಈ ವಿದ್ಯೆಯು ಅವರೊಡನೆಯೇ ಹೋಗದಂತೆ ಮೊಮ್ಮಕ್ಕಳ ಕೈಗೆ ದಾಟಬೇಕಾದದ್ದು ಈಗಲೇ. ಸಮೀಪದ ಶಾಲೆಯ ಗುರುಗಳು ಒಂದು ಮೂಲೆಯಲ್ಲಿ ತೊಳೆದ ಡಬ್ಬಿ, ಮುಚ್ಚಳ, ದಾರ, ಕಡ್ಡಿಗಳನ್ನು ಇಟ್ಟರೆ ಸಾಕು. ಉಳಿದದ್ದನ್ನು ಮಕ್ಕಳೇ ನೋಡಿಕೊಳ್ಳುವರು. ಮಾಡಿದ ಆಟಿಗೆ ಸೊಟ್ಟಗಿದ್ದರೆ ನಗಬಾರದು, ತಿದ್ದುವ ಆತುರದಲ್ಲಿ ಅವರ ಕೈಯಿಂದ ಕಸಿಯಬಾರದು. ಇಂದು ಸೊಟ್ಟಗಾಲಿಯ ಬಂಡಿಯನ್ನು ಮಾಡಿದ ಮಗುವೇ ನಾಳೆ ನೆಟ್ಟಗಿನದನ್ನು ಮಾಡುವದು.

ಶ್ರೀಗುರುಕೃಪೆಯಿಂದ ಭಕ್ತರ ಮನೆಮನೆಗಳಲ್ಲಿ ಮಕ್ಕಳ ಕೈಗಳು ಕುಶಲವಾಗಲಿ, ದೇಹಗಳು ಸುಖವಾಗಿರಲಿ, ಬುದ್ಧಿಯು ಬೆಳಗಲಿ ಎಂಬ ಹಾರೈಕೆಯೊಡನೆ ಈ ಉಪನ್ಯಾಸವು ಮುಗಿಯುವದು.

ಇತಿ ಶಿವಂ.